ಹೊರಬಚ್ಚಲಿನ ಬಿಸಿನೀರು

ಸಂಜೆ ಹೊತ್ತಿನಲ್ಲಿ ಮಿಸ್ ಕೂದಲಿಂದ ನೀರು ತೊಟ್ಟಿಕ್ಕುತ್ತಿದ್ದರೆ ಅವತ್ತು ಅವರು ಮೀಟಿಂಗಿಗೆ ಹೋಗಿ ಬಂದಿದ್ದಾರೆ ಎಂದು ನಮಗೆ ಗೊತ್ತಾಗುತ್ತಿತ್ತು. ಇದ್ದದ್ದೇ ಇಲಿಬಾಲದಷ್ಟು ಜಡೆ, ಅದೂ ಪೂರ್ತಿ ಬೆಳ್ಳಗೆ. ಅದನ್ನು ಬಿಚ್ಚಿ, ತುದಿಗೊಂದು ಗಂಟು ಹಾಕಿ, ಬೆನ್ನ ಮೇಲೆ ಇಳಿಬಿಟ್ಟುಕೊಂಡು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂರುತ್ತಿದ್ದರು. ರವಿಕೆಯ ಬೆನ್ನು ಒದ್ದೆಯಾಗಿ ಅಂಟಿಕೊಂಡಿರುತ್ತಿತ್ತು. ವಾಕಿಂಗ್ ಹೊರಟ ಎದುರುಮನೆ ಆಂಟಿ ನಿಂತು, "ಸಾಯಂಕಾಲದ ಹೊತ್ತು ತಲೆಗೆ ನೀರು ಹಾಕ್ಕೊಂಡಿದ್ದೀರಲ್ಲ ಮೇಡಂ, ಶೀತ ಆಗಲ್ವಾ?" ಎಂದರೆ, "ಆಗ್ಲಿ ಬಿಡಿ" ಎಂದು ಮಾತು ಮುಗಿಸುತ್ತಿದ್ದರು.

ಬನಶಂಕರಿಯಲ್ಲಿ ಅಪ್ಪ ತಮ್ಮ ಹೊಲ ಸೈಟುಗಳಾದ ಮೇಲೆ ಕಟ್ಟಿಸಿದ ಮನೆ ನಮ್ಮದು. ಮೇಲೆ ನಾವು, ಕೆಳಗೆ ಬಾಡಿಗೆಗೆ ಮಿಸ್. ಜಯನಗರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮದುವೆಯಾಗಿರಲಿಲ್ಲ. ನಾನೂ ನನ್ನ ತಮ್ಮನೂ ಅದೇ ಸ್ಕೂಲಿನಲ್ಲಿ ಓದಿದ್ದರಿಂದ ನಮಗೆ ಶಾಲೆಯಲ್ಲೂ ಮಿಸ್, ಮನೆಗೆ ಬಂದರೂ ಮಿಸ್. ಈ ಶಿಕ್ಷೆ ಬೇರೆ ಯಾವ ಮಕ್ಕಳಿಗೂ ಬಂದಿರಲಿಕ್ಕಿಲ್ಲ. ಅಪ್ಪ ಅವರನ್ನು ಮೇಷ್ಟ್ರಮ್ಮ ಎನ್ನುತ್ತಿದ್ದರು. ಮನೆ ಓನರ್ ಎಂಬ ಗತ್ತೆಲ್ಲ ಮಿಸ್ ಎದುರು ಇಳಿದುಹೋಗಿ, ಅವರು ನಲ್ಲಿ ರಿಪೇರಿಗೆ ಹೇಳಿದರೂ ತಾವೇ ಏನೋ ತಪ್ಪು ಮಾಡಿದವರ ಹಾಗೆ ನಿಲ್ಲುತ್ತಿದ್ದರು.

ಕ್ಲಾಸಿನಲ್ಲಿ ಯಾವ ಉತ್ತರ ಹೇಳಿದರೂ ಮಿಸ್ "ಮುಂದೆ?" ಎನ್ನುತ್ತಿದ್ದರು. ಹೃದಯ ರಕ್ತವನ್ನು ತಳ್ಳುತ್ತದೆ. ಮುಂದೆ? ರಕ್ತ ಶ್ವಾಸಕೋಶಕ್ಕೆ ಹೋಗುತ್ತದೆ. ಮುಂದೆ? ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರೆಗೂ ಬಿಡುತ್ತಿರಲಿಲ್ಲ. ನಾನು ಕೊನೆಗೆ ಕನ್ನಡ ಎಂ.ಎ. ಮಾಡಿ ಪಿಯು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದಾಗ, "ಒಳ್ಳೇದಾಯ್ತು. ಜೀವಶಾಸ್ತ್ರ ನಿನ್ನಿಂದ ಬಚಾವಾಯ್ತು" ಎಂದಿದ್ದರು.

ರಿಟೈರ್ ಆದ ಮೇಲೆ ಅವರಿಗೆ ಆ ಮೀಟಿಂಗಿನ ಕೆಲಸ ಬಂತು. ಊರಾಚೆ ಒಂದು ಸಂಶೋಧನಾ ಕೇಂದ್ರವಿದೆ; ಹೆಸರು ಬೇಡ. ಸೈನಿಕರ ಜೀವ ಉಳಿಸುವ ಸಾಮಾನುಗಳನ್ನು ಅಲ್ಲಿ ಪರೀಕ್ಷಿಸುತ್ತಾರೆ: ಹೆಲ್ಮೆಟ್ಟು, ಎದೆಕವಚ, ಬೆಂಕಿ ತಾಗದ ಬಟ್ಟೆ. ಕೆಲವು ಪರೀಕ್ಷೆಗಳನ್ನು ಜೀವಂತ ಪ್ರಾಣಿಗಳ ಮೇಲೆ ಮಾಡುತ್ತಾರೆ. ಹಾಗೆ ಮಾಡುವ ಮುಂಚೆ ಒಂದು ಸಮಿತಿ ಒಪ್ಪಬೇಕು, ಆ ಸಮಿತಿಯಲ್ಲಿ ವಿಜ್ಞಾನಿಯಲ್ಲದ, ಹೊರಗಿನ ಒಬ್ಬರು ಇರಲೇಬೇಕು, ಅವರಿಲ್ಲದೆ ಇಂಥ ವಿಷಯ ತೀರ್ಮಾನ ಮಾಡುವಂತಿಲ್ಲ. ಹೀಗೆ ನಿಯಮ. "ಜೀವಮಾನವೆಲ್ಲ ವಿಜ್ಞಾನ ಪಾಠ ಮಾಡಿದೀನಿ. ನಾನು ವಿಜ್ಞಾನಿ ಅಲ್ಲ ಅಂತ ಸರ್ಕಾರವೇ ಕಾಗದ ಕೊಟ್ಟಿದೆ ನೋಡು" ಎಂದು ಮಿಸ್ ನಗುತ್ತಾ ಹೊರಟಿದ್ದರು ಮೊದಲ ದಿನ. ಗಂಜಿ ಹಾಕಿದ ಕಾಟನ್ ಸೀರೆ, ಕೈಯಲ್ಲಿ ಸ್ಕೂಲಿನ ಕಾಲದ ಅದೇ ಬ್ಯಾಗು.

ಸಂಜೆ ಆಟೋದಿಂದ ಇಳಿದವರು ಗೇಟಿನ ಒಳಗೆ ಬಂದು ಅಲ್ಲೇ ನಿಂತರು. ಮೆಟ್ಟಿಲ ಮೇಲಿದ್ದ ನಾನು ಬ್ಯಾಗು ತೆಗೆದುಕೊಳ್ಳಲು ಹೋದರೆ, "ಮುಟ್ಬೇಡ. ದೂರ ನಿಲ್ಲು" ಎಂದರು. "ಒಂದು ಬಕೆಟ್ ಬಿಸಿನೀರು ತಂದು ಹೊರಬಚ್ಚಲಲ್ಲಿ ಇಡ್ತೀಯಾ?"

ನಮ್ಮ ಮನೆಯ ಪಕ್ಕದ ಸಂದಿಯ ಕೊನೆಯಲ್ಲಿ ಒಂದು ಹಳೆಯ ಬಚ್ಚಲಿದೆ. ಸಾವಿನ ಮನೆಗೋ ಸ್ಮಶಾನಕ್ಕೋ ಹೋಗಿ ಬಂದವರು ಅಲ್ಲಿ ತಲೆ ಮೇಲೆ ನೀರು ಸುರಿದುಕೊಂಡು ಆಮೇಲೆ ಮನೆಯೊಳಗೆ ಕಾಲಿಡುತ್ತಾರೆ. ಮಿಕ್ಕ ದಿನ ಅದರಲ್ಲಿ ಪೊರಕೆ, ಒಡೆದ ಬಕೆಟ್ಟು ಇರುತ್ತವೆ. ಅಲ್ಲಿ ಗೀಸರ್ ಇಲ್ಲ. ಸ್ನಾನವಾಗದೆ ಮಿಸ್ ತಮ್ಮ ಮನೆಯೊಳಗೂ ಹೋಗುವ ಹಾಗಿಲ್ಲ. ಆದ್ದರಿಂದ ಮೇಲಿನಿಂದ ನೀರು ಹೊರುವ ಕೆಲಸ ನನ್ನ ಪಾಲಿಗೆ ಬಂತು. ಯಾರು ತೀರಿಕೊಂಡರು ಎಂದು ಕೇಳಿದೆ. ಯಾರೂ ಇಲ್ಲ ಎಂದರು. ಆಮೇಲೆ ಪ್ರತಿ ಮೀಟಿಂಗ್ ಆದಮೇಲೂ ಇದೇ. ದೇವರು ದಿಂಡರು ಎಂದು ಮಿಸ್ ಹೆಚ್ಚು ಹಚ್ಚಿಕೊಂಡವರಲ್ಲ. ಗ್ರಹಣದ ದಿನ ಬೇಕೆಂದೇ ಉಪ್ಪಿಟ್ಟು ಮಾಡಿ ನಮ್ಮಮ್ಮನಿಗೆ ಕಾಣುವ ಹಾಗೆ ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದವರು. ಅಂಥವರಿಗೆ ಇದೊಂದು ಬೇಕೇಬೇಕಿತ್ತು.

ಸಮಿತಿಯಲ್ಲಿ ನಡೆದದ್ದನ್ನು ಹೊರಗೆ ಹೇಳುವ ಹಾಗಿಲ್ಲ. ಮಿಸ್ ಹೇಳಬಹುದಾದಷ್ಟನ್ನೇ ಹೇಳುತ್ತಿದ್ದರು, ಅದನ್ನೇ ನಾನೂ ಇಲ್ಲಿ ಬರೆಯುತ್ತಿದ್ದೇನೆ. ಅಲ್ಲೂ ಅವರದು "ಮುಂದೆ?"ಯೇ. ಜೀವಂತ ಪ್ರಾಣಿಯೇ ಯಾಕೆ ಬೇಕು, ಇಷ್ಟೊಂದು ಯಾಕೆ ಬೇಕು, ಅವಕ್ಕೆ ಮತ್ತು ಬರಿಸುವ ಔಷಧಿ ಕೊಡುವವರು ಯಾರು, ಆ ಮತ್ತು ನಡುವೆ ಇಳಿದರೆ ಏನು ಮಾಡುತ್ತೀರಿ. ಅಲ್ಲಿನವರು ಕೆಟ್ಟವರೇನಲ್ಲ ಎಂದು ಸೇರಿಸುತ್ತಿದ್ದರು. ಕೆಟ್ಟವರಾಗಿದ್ದರೆ ಕೆಲಸ ಸುಲಭವಿರುತ್ತಿತ್ತು ಎಂದು ನನಗೆ ಅನ್ನಿಸುತ್ತಿತ್ತು.

ಒಂದು ಸಲ ಗೆದ್ದಿದ್ದರು. ಮೊಲಗಳ ಮೇಲೆ ಮಾಡಬೇಕೆಂದಿದ್ದ ಪರೀಕ್ಷೆಯನ್ನು ಹಿಂದೆಯೇ ಮಾಡಿ ಮುಗಿಸಿದ್ದಾರೆ ಎಂದು ತೋರಿಸಿ, ಪ್ರಸ್ತಾವವನ್ನೇ ವಾಪಸ್ ತೆಗೆಸಿದ್ದರು. ಅವತ್ತೂ ಹೊರಬಚ್ಚಲ ಹತ್ತಿರ ನಿಂತಿದ್ದನ್ನು ನೋಡಿ, "ಇವತ್ತು ಗೆದ್ರಲ್ಲ ಮಿಸ್, ಇವತ್ಯಾಕೆ ನೀರು?" ಎಂದೆ. "ಆ ಮೊಲಗಳನ್ನ ಬೇರೆ ಪ್ರಾಜೆಕ್ಟಿಗೆ ಕೊಡ್ತಾರಂತೆ ಕಣೇ" ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಈ ನಡುವೆ ನನ್ನ ತಮ್ಮ ಮನೆಗೆ ಬಂದ. ಅವನು ಸೈನ್ಯದಲ್ಲಿದ್ದ. ಗಡಿಯಲ್ಲಿ ಅವನಿದ್ದ ಗಾಡಿಯ ಕೆಳಗೆ ಸ್ಫೋಟವಾಗಿತ್ತು. ಮೈಮೇಲೆ ಒಂದು ಗೀರೂ ಇಲ್ಲ. ತಲೆಯ ಮೇಲೆ ಹೆಲ್ಮೆಟ್ ಇತ್ತು, ಅದೂ ಒಡೆದಿರಲಿಲ್ಲ. ಅಮ್ಮ ಅವನ ಕೈಕಾಲು ಸವರಿ ನೋಡಿ, ಮಗ ಇಡಿಯಾಗಿ ಬಂದ ಎಂದು ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದಳು. ಆದರೆ ಅವನು ಇಡಿಯಾಗಿ ಬಂದಿರಲಿಲ್ಲ. ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದ. ಮಾತಿನ ನಡುವೆ ನಿಂತು ಒಂದು ಪದಕ್ಕಾಗಿ ಕಾಯುತ್ತಿದ್ದ. ಬೆಳಕು ಹೆಚ್ಚಾದರೆ ತಲೆ ಹಿಡಿದುಕೊಳ್ಳುತ್ತಿದ್ದ. ಕುಕ್ಕರ್ ಕೂಗಿದರೆ ಗೋಡೆಗೆ ಅಂಟಿಕೊಂಡು ಕುಳಿತುಬಿಡುತ್ತಿದ್ದ, ಬೆವರು ಇಳಿಯುತ್ತಿತ್ತು. ನಾವು ಕುಕ್ಕರ್ ಬಿಟ್ಟು ಪಾತ್ರೆಯಲ್ಲೇ ಅನ್ನ ಬೇಯಿಸತೊಡಗಿದೆವು. ಸ್ವಲ್ಪ ದಿನಕ್ಕೆ ಕೆಳಗಿನಿಂದಲೂ ಕುಕ್ಕರ್ ಸದ್ದು ಬರುತ್ತಿಲ್ಲ ಎಂದು ಗಮನಕ್ಕೆ ಬಂತು. ಮಿಸ್‌ಗೆ ನಾವು ಏನೂ ಹೇಳಿರಲಿಲ್ಲ.

ಬೆಳಿಗ್ಗೆ ಅವನು ಅವರ ಕಟ್ಟೆಗೆ ಹೋಗಿ ಕೂರುತ್ತಿದ್ದ. ಮಿಸ್ ಸೊಪ್ಪು ಬಿಡಿಸುತ್ತಾ, ಅವನ ಕೈಗೂ ಒಂದು ಹಿಡಿ ಕೊಡುತ್ತಿದ್ದರು. ಅವನು ಪದ ಹುಡುಕುತ್ತಾ ನಿಂತರೆ ನಾವೆಲ್ಲ ಗಾಬರಿಯಿಂದ ಆ ಪದ ಹೇಳಿಕೊಡಲು ಹೋಗುತ್ತಿದ್ದೆವು. ಮಿಸ್ ಮಾತ್ರ ಕಾಯುತ್ತಿದ್ದರು. ಅವನ ಹತ್ತಿರ ಒಂದು ದಿನವೂ "ಮುಂದೆ?" ಎನ್ನಲಿಲ್ಲ.

ಒಂದು ಮೀಟಿಂಗ್ ದಿನ ನಾನು ಕಾಲೇಜಿನಿಂದ ಬರುವುದು ತಡವಾಯಿತು. ಗೇಟು ತೆಗೆದಾಗ ಮಿಸ್ ಸಂದಿಯಲ್ಲಿ ತಣ್ಣೀರನ್ನೇ ಸುರಿದುಕೊಂಡು, ನಡುಗುತ್ತಾ ಕೂದಲು ಹಿಂಡುತ್ತಿದ್ದರು. ತಮ್ಮ ಮೆಟ್ಟಿಲ ಹತ್ತಿರ ನಿಂತಿದ್ದ. ಈ ಊರಿನ ಹಳಬರ ಮನೆಯಲ್ಲಿ ಬೆಳೆದವನು. ಹೊರಬಚ್ಚಲಿನ ನೀರಿಗೆ ಅವನಿಗೆ ಒಂದೇ ಅರ್ಥ. ಮಿಸ್ ಕಡೆಯವರು ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡಿದ್ದ.

"ಯಾರು ಹೋದ್ರು ಮಿಸ್?" ಎಂದು ಕೇಳಿದ.

ಮಿಸ್ ಸುಮ್ಮನಿದ್ದರೆ ಆಗಿತ್ತು. ಆದರೆ ಅವತ್ತು ಅವರಿಗೆ ಸುಮ್ಮನಿರಲು ಆಗಲಿಲ್ಲ. "ಇನ್ನೂ ಹೋಗಿಲ್ಲ ಕಣೋ" ಎಂದರು. "ನಾನು ಹೂಂ ಅಂದ್ರೆ ಹೋಗ್ತಾವೆ."

"ಎಷ್ಟು ಜನ?"

"ಜನ ಅಲ್ಲ. ಕುರಿ."

ಅವನಿಗೆ ಅರ್ಥವಾಗಲಿಲ್ಲ. ಯಾಕೆ ಎಂದು ಕೇಳಿದ. ಮಿಸ್ ಅವನ ಹಣೆಯನ್ನೇ ನೋಡುತ್ತಿದ್ದರು. "ಹೆಲ್ಮೆಟ್ಟಿಗೆ" ಎಂದರು. "ಹತ್ತಿರದಲ್ಲಿ ಸ್ಫೋಟ ಆದ್ರೆ, ಗಾಯ ಇಲ್ದೆ ತಲೆ ಒಳಗೆ ಏನಾಗುತ್ತೆ ಅಂತ ನೋಡ್ಬೇಕಂತೆ. ಕುರಿಗಳನ್ನ ಅಲ್ಲಿ ನಿಲ್ಲಿಸಿ ನೋಡ್ತಾರಂತೆ."

ತಮ್ಮ ಮೇಲೆ ಹೋದ. ಹೋಗಿ ಗೀಸರ್ ಹಾಕಿ, ಒಂದು ಬಕೆಟ್ ಬಿಸಿನೀರು ತುಂಬಿಕೊಂಡು, ಮೆಟ್ಟಿಲಿಗೊಮ್ಮೆ ನಿಂತು ಇಳಿದು ಬಂದು ಸಂದಿಯಲ್ಲಿಟ್ಟ. "ಇನ್ನೊಂದ್ಸಲ ಹಾಕ್ಕೊಳ್ಳಿ. ಶೀತ ಆಗುತ್ತೆ" ಎಂದ. ಅವತ್ತಿನಿಂದ ಆ ಕೆಲಸ ಅವನದಾಯಿತು. ಹಾಲು ಮರೆಯುವವನು ಆ ಬಕೆಟ್ಟನ್ನು ಒಮ್ಮೆಯೂ ಮರೆಯಲಿಲ್ಲ.

ಮಿಸ್ ಅವತ್ತು ಸಮಿತಿಯಲ್ಲಿ ಯೋಚಿಸಲು ಸಮಯ ಕೇಳಿ ಬಂದಿದ್ದರಂತೆ. ಹಾಗೆ ಕೇಳಿದ್ದು ಅದೇ ಮೊದಲು. ಪ್ರಸ್ತಾವದ ಮೊದಲ ಪುಟದಲ್ಲಿ ಇಂಥ ಸ್ಫೋಟಕ್ಕೆ ಸಿಕ್ಕಿ ಬದುಕಿದ ಸೈನಿಕರಿಗೆ ಏನೇನಾಗುತ್ತದೆ ಎಂದು ಬರೆದಿತ್ತು: ಮರೆವು, ತಲೆನೋವು, ಸದ್ದಿಗೆ ಬೆಚ್ಚುವುದು, ಮಾತು ತಡೆಯುವುದು. "ಅದನ್ನ ಓದ್ತಾ ಇದ್ರೆ ನಮ್ಮ ಮನೆ ಕಟ್ಟೆ ಮೇಲೆ ಕೂತಿರೋ ಹಾಗಿತ್ತು ಕಣೇ" ಎಂದರು ನನಗೆ. ಬೇಡ ಎನ್ನಬೇಕೆಂದು ಅವರು ಬಾಯಿ ತೆಗೆದರೆ ನನ್ನ ತಮ್ಮನ ಮುಖ ಕಣ್ಣೆದುರು ಬರುತ್ತಿತ್ತು. ಹೂಂ ಎನ್ನಲು ಹೋದರೆ, ಹಗ್ಗ ಹಿಡಿದು ಎಳೆದರೆ ಹಿಂದೆಯೇ ಬರುವ, ಏನೂ ಗೊತ್ತಿಲ್ಲದ ಆ ಪ್ರಾಣಿ ಕಾಣುತ್ತಿತ್ತು.

ಮಾರನೆಯ ಬೆಳಿಗ್ಗೆ ತಮ್ಮ ಕಟ್ಟೆಯ ಮೇಲೆ ಕೂತ. ನಾನು ಸ್ಕೂಟರ್ ಒರೆಸುತ್ತಾ ಅಲ್ಲೇ ಇದ್ದೆ.

"ನನಗೋಸ್ಕರ ಅಂತ ಮಾಡ್ಬೇಡಿ ಮಿಸ್" ಎಂದ.

"ನಿನಗೆ ಇದ್ರಿಂದ ಏನೂ ಆಗಲ್ಲ ಕಣೋ. ಆಗೋದಿದ್ರೆ ಇನ್ಮೇಲೆ ಹೋಗೋ ಹುಡುಗರಿಗೆ ಆಗುತ್ತೆ."

ಅವನು ತುಂಬ ಹೊತ್ತು ಸೊಪ್ಪಿನ ಕಡ್ಡಿ ಮುರಿಯುತ್ತಾ ಕೂತ. "ಹಾಗಾದ್ರೆ ನಾನು ಬೇಡ ಅಂತ ಹೇಗೆ ಹೇಳ್ಲಿ?" ಎಂದ. ಆಮೇಲೆ, ಮಿಸ್‌ಗೆ ಸಮಾಧಾನ ಹೇಳುವವನ ಹಾಗೆ, "ಭಾನುವಾರ ನಾವು ತಿಂತೀವಲ್ಲ ಮಿಸ್. ನಮ್ಮ ತಾತ ಕುರಿ ಸಾಕಿದ್ದೇ ಅದಕ್ಕೆ" ಎಂದ.

"ತಿನ್ರಪ್ಪ. ಅದಕ್ಕೆ ನನ್ನ ಸಹಿ ಬೇಕಾಗಿಲ್ವಲ್ಲ" ಎಂದರು ಮಿಸ್. ಮೂವರಿಗೂ ನಗು ಬಂತು. ನಕ್ಕಾದ ಮೇಲೆ ಮೊದಲು ಎಲ್ಲಿದ್ದೆವೋ ಅಲ್ಲೇ ಇದ್ದೆವು.

ಮುಂದಿನ ಮೀಟಿಂಗಿಗೆ ಹೋಗದೆ ಉಳಿಯುವ ದಾರಿಯೂ ಇತ್ತು. ಹೊರಗಿನ ಸದಸ್ಯರಿಲ್ಲದಿದ್ದರೆ ವಿಷಯ ಮುಂದಕ್ಕೆ ಹೋಗುತ್ತದೆ. ನಾನೇ ಸೂಚಿಸಿದೆ, ಜ್ವರ ಅಂದುಬಿಡಿ ಎಂದು. "ಚಕ್ಕರ್ ಹೊಡೆದೋರಿಗೆಲ್ಲ ಬೆಂಚ್ ಹತ್ತಿಸ್ದೋಳು ನಾನು" ಎಂದು ಬೈದರು. ಹೋದರು. ಅಲ್ಲಿ ನಡೆದದ್ದರಲ್ಲಿ ಇಷ್ಟನ್ನು ಮಾತ್ರ ಆಮೇಲೆ ನನಗೆ ಹೇಳಿದರು. ಸ್ಫೋಟ ಆಯಿತು, ಮುಂದೆ? ತಲೆ ಬಿಚ್ಚಿ ನೋಡುತ್ತೇವೆ ಮೇಡಂ. ಮುಂದೆ? ವರದಿ ಬರೆಯುತ್ತೇವೆ. ಮುಂದೆ? ಅಲ್ಲಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡು, "ಮುಂದೆ ನಮಗೂ ಗೊತ್ತಿಲ್ಲ ಮೇಡಂ. ಗೊತ್ತಿದ್ದಿದ್ರೆ ಮಾಡ್ತಾನೇ ಇರ್ಲಿಲ್ಲ" ಎಂದರಂತೆ. ಕ್ಲಾಸಿನಲ್ಲಾಗಿದ್ದರೆ ಮಿಸ್ ಅಷ್ಟಕ್ಕೆ ಮಾರ್ಕ್ಸ್ ಕೊಟ್ಟು ಕೂರಿಸುತ್ತಿದ್ದರು. ಅಲ್ಲಿ ಸಹಿ ಹಾಕಿದರು. ಕುರಿಗಳ ಸಂಖ್ಯೆ ಕಮ್ಮಿ ಮಾಡಿಸಿದರು. ಮೊದಲೇ ಪೂರ್ತಿ ಮತ್ತು ಬರಿಸಬೇಕು, ಆಮೇಲೆ ಅವು ಎಚ್ಚರವಾಗಲೇಬಾರದು ಎಂದು ಬರೆಸಿದರು. ಆ ದಿನ ತಾವೂ ಅಲ್ಲಿರಬೇಕು ಎಂದರು. ಅದು ನೋಡುವಂಥದ್ದಲ್ಲ ಮೇಡಂ ಎಂದರೆ, "ನೋಡೋಂಥದ್ದಲ್ಲ ಅಂದ್ಮೇಲೆ ಮಾಡೋಂಥದ್ದು ಹೇಗಾಗುತ್ತೆ?" ಎಂದು ಕೇಳಿದರಂತೆ. ಸ್ಫೋಟದ ಜಾಗಕ್ಕೆ ಯಾರನ್ನೂ ಬಿಡುವುದಿಲ್ಲ; ಬೆಳಿಗ್ಗೆ ಕೊಟ್ಟಿಗೆಗೆ ಬರಬಹುದು ಎಂದು ತೀರ್ಮಾನವಾಯಿತು.

ಆ ದಿನ ಬೆಳಿಗ್ಗೆ ಮಿಸ್ ಮಾರ್ಕೆಟ್ಟಿಗೆ ಹೋಗಿ ದೊಡ್ಡ ಕಟ್ಟು ಅಗಸೆ ಸೊಪ್ಪು ತಂದರು. ಕುರಿಗೆ ಅದು ಪಂಚಪ್ರಾಣ ಎಂದು ಅಪ್ಪ ಹೇಳಿದ್ದರು. ಬ್ಯಾಗಿನಲ್ಲಿ ಹಿಡಿಸದೆ ಅರ್ಧ ಹೊರಗೆ ಇಣುಕುತ್ತಿತ್ತು. ಆಟೋದವನು, "ಎಲ್ಲಿ ಮೇಡಂ, ಹಸು ಪೂಜೆಗಾ?" ಎಂದ. ಮಿಸ್ ಹೂಂ ಎಂದರು.

ಸಂಜೆ ಆ ಕಟ್ಟು ಹಾಗೇ ವಾಪಸ್ ಬಂತು, ಬಾಡಿ ಜೋತುಬಿದ್ದು. ನೀರು ಸುರಿದುಕೊಂಡು ಬಂದು ಕಟ್ಟೆಯ ಮೇಲೆ ಕೂತ ಮಿಸ್ ಹೇಳಿದರು: "ಮೂಸಿದ್ವು ಕಣೇ. ಒಂದು ನನ್ನ ಸೀರೆ ಸೆರಗು ಎಳೀತು. ಕೊಡೋಕೆ ಹೋದ್ರೆ ಅಲ್ಲಿನ ವೆಟರ್ನರಿ ಡಾಕ್ಟ್ರು ಬೇಡ ಅಂದ್ರು. ಮತ್ತು ಬರಿಸಬೇಕಾದ್ರೆ ಹೊಟ್ಟೆ ಖಾಲಿ ಇರ್ಬೇಕಂತೆ. 'ನೀವೇ ಕೇಳಿದ್ದಲ್ವಾ ಮೇಡಂ' ಅಂದ್ರು."

ಮಿಸ್ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಅಳು ಎಂದು ಗೊತ್ತಾಗದ ಹಾಗೆ ಒದ್ದೆ ಕೂದಲಿನ ನೀರಿನ ಜೊತೆಗೇ ಒರೆಸಿಕೊಂಡರು. ಮತ್ತು ಬರಿಸಿ ಎಂದು ಜಗಳವಾಡಿದ್ದು ಅವರು. ಅದರಿಂದಲೇ ಆ ಕುರಿಗಳು ಹಸಿದುಕೊಂಡು ಹೋದವು.

ಆ ಸೊಪ್ಪನ್ನು ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಮನೆಯೊಳಗೆ ತೆಗೆದುಕೊಂಡು ಹೋಗುವ ಹಾಗಿಲ್ಲ, ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ. ತಮ್ಮ ಅದನ್ನೆತ್ತಿಕೊಂಡು ಹೊರಟ. ಹಿಂದೆಯೇ ಹೋದೆ, ದಾರಿ ಮರೆತಾನೆಂಬ ಭಯಕ್ಕೆ. ನಮ್ಮ ರಸ್ತೆಯ ತಿರುವಿನಲ್ಲಿ ಮಟನ್ ಅಂಗಡಿಯಿದೆ. ಶನಿವಾರ ಸಂಜೆ ಅದರ ಪಕ್ಕದ ಕಂಬಕ್ಕೆ ಮಾರನೆಯ ದಿನದ ಕುರಿಗಳನ್ನು ಕಟ್ಟಿರುತ್ತಾರೆ. ಅವತ್ತು ಶನಿವಾರ. ತಮ್ಮ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಳೆ ಬಿಡಿಸಿ ತಿನ್ನಿಸಿದ. ಅವು ಆಸೆಯಿಂದ ತಿಂದವು. ಅಂಗಡಿಯವನು, "ಏನಣ್ಣ, ಹರಕೆನಾ?" ಎಂದು ಕೇಳಿದ್ದಕ್ಕೆ ತಮ್ಮ ಪದ ಹುಡುಕಿದ, ಸಿಗಲಿಲ್ಲ. ಆ ಭಾನುವಾರ ನಮ್ಮ ಮನೆಯಲ್ಲಿ ಮಟನ್ ತರಲಿಲ್ಲ. ಅದರ ಮುಂದಿನ ಭಾನುವಾರ ತಂದರು.

ಆಮೇಲೆ ಪ್ರತಿ ಮೀಟಿಂಗಿನಲ್ಲೂ ಮಿಸ್ ಅದನ್ನೇ ಕೇಳುತ್ತಿದ್ದರು: ಹೆಲ್ಮೆಟ್ ಏನಾಯಿತು? ಕೆಲಸ ನಡೀತಿದೆ ಮೇಡಂ. ಹೆಲ್ಮೆಟ್ ಏನಾಯಿತು? ಇನ್ನೂ ಸ್ವಲ್ಪ ಅಧ್ಯಯನ ಬೇಕು ಮೇಡಂ. ಮನೆಗೆ ಬಂದು ನೀರು ಸುರಿದುಕೊಂಡರೆ, ಬಕೆಟ್ ತಂದಿಟ್ಟ ತಮ್ಮ ದೂರದಲ್ಲಿ ನಿಂತು ಅವರ ಮುಖ ನೋಡುತ್ತಿದ್ದ. ಅವನಿಗೊಂದು ಒಳ್ಳೆಯ ಸುದ್ದಿ ಕೊಡಬೇಕು ಎಂಬುದೊಂದೇ ಅವರ ಆಸೆಯಾಗಿತ್ತು. ಆ ಕುರಿಗಳು ಹೋದದ್ದಕ್ಕೆ, ಅವನ ತಲೆ ಹೀಗಾದದ್ದಕ್ಕೆ, ಎಲ್ಲೋ ಒಬ್ಬ ಹುಡುಗ ಉಳಿದ ಎಂದು ಹೇಳಬೇಕಿತ್ತು. ಅದು ಅವರಿಗೆ ಸಿಗಲಿಲ್ಲ.

ಹೃದಯದ ಕಾಯಿಲೆಯಿಂದ ಅವರು ಹಾಸಿಗೆ ಹಿಡಿದರು. ಜಯನಗರದ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದಾಗ, "ಇನ್ನೊಂದು ಸುತ್ತು ಕುರಿ ಕೇಳಿದ್ದಾರೆ" ಎಂದರು. "ಸಮಿತಿಗೆ ನಿನ್ನ ಹೆಸರು ಬರೆದು ಕೊಟ್ಟಿದೀನಿ."

ನನಗೆ ಸಿಟ್ಟೇ ಬಂತು. "ನಾನು ಹೋಗಿ ಏನು ಮಾಡ್ಲಿ ಮಿಸ್? ನೀವಿದ್ದೂ ಏನಾಯ್ತು?"

"ಏನೂ ಆಗ್ಲಿಲ್ಲ" ಎಂದು ಒಪ್ಪಿಕೊಂಡರು. ಉಸಿರು ತೆಗೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಏನಾದ್ರೂ ಆಗುತ್ತೆ ಅಂತ ಹೇಳ್ತಿಲ್ಲ. ನೀನು ಕೇಳ್ತಾ ಇರು. ಆ ಕುರ್ಚೀಲಿ ನಿದ್ದೆ ಮಾಡೋರು ಬಂದು ಕೂತ್ರೆ ನನಗೆ ಸಂಕಟ."

ಅವರು ಹೋದದ್ದು ಒಂದು ಮಧ್ಯಾಹ್ನ. ಬನಶಂಕರಿಯ ಚಿತಾಗಾರದಲ್ಲಿ ಅವರ ತಂಗಿಯ ಮಗ ಕಾರ್ಯ ಮಾಡಿದ. ಅಲ್ಲಿಂದ ಬಂದಾಗ ಹೊರಬಚ್ಚಲಿನಲ್ಲಿ ಬಕೆಟ್ಟುಗಳು ಸಾಲಾಗಿ ಹಬೆಯಾಡುತ್ತಿದ್ದವು. ತಮ್ಮ ಎಲ್ಲರಿಗೂ ಹೊತ್ತು ತಂದಿಟ್ಟಿದ್ದ. ಕೆಳಗಿನ ಮನೆಯ ಮುಂದೆ ನಿಂತು, "ಇವತ್ತು ಮಾತ್ರ ನಿಜವಾಗ್ಲೂ ಯಾರೋ ಹೋಗಿದಾರೆ ಅಕ್ಕ" ಎಂದ. ಈಗ ಕೆಳಗೆ ಬೇರೆ ಸಂಸಾರ ಬಂದಿದೆ. ಒಳ್ಳೆಯ ಜನ. ಅವರಿಗೆ ಕುಕ್ಕರ್ ವಿಷಯ ನಾವೇ ಹೋಗಿ ಹೇಳಬೇಕಾಯಿತು.

ನನ್ನ ಹೆಸರು ಎಲ್ಲೆಲ್ಲಿಗೋ ಹೋಗಿ ಒಪ್ಪಿಗೆಯಾಗಿ ಬರಲು ತಿಂಗಳುಗಟ್ಟಲೆ ಹಿಡಿಯಿತು. ಬರದೇ ಇರಲಿ ಎಂದು ನಾನು ಬಯಸಿದ್ದು ಸುಳ್ಳಲ್ಲ. ಮೊದಲ ಮೀಟಿಂಗಿನಲ್ಲೇ ಆ ಎರಡನೆಯ ಸುತ್ತಿನ ಪ್ರಸ್ತಾವ ಬಂತು. ಮೊದಲ ಪುಟದಲ್ಲಿ ಅದೇ ಸಾಲುಗಳು: ಮರೆವು, ತಲೆನೋವು, ಸದ್ದಿಗೆ ಬೆಚ್ಚುವುದು. ಜೀವಶಾಸ್ತ್ರ ಬಾರದ ನಾನು ಮಿಸ್ ಕೇಳುತ್ತಿದ್ದುದನ್ನೆಲ್ಲ ಕೇಳಿದೆ. ಅಲ್ಲಿನವರು ತಾಳ್ಮೆಯಿಂದ ಉತ್ತರ ಕೊಟ್ಟರು. ಮೇಡಂ ಇದ್ದಿದ್ದರೆ ಅವರೂ ಇದನ್ನೇ ಕೇಳುತ್ತಿದ್ದರು ಎಂದು ಕನ್ನಡಕದ ಆ ಹಿರಿಯರು ಮೆಲ್ಲಗೆ ಹೇಳಿದರು. ಆಮೇಲೆ ನಾನು ಸಹಿ ಹಾಕಿದೆ.

ವಾಪಸ್ ಬರುವಾಗ ಆಟೋದಲ್ಲಿ ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಆ ನೀರು ಸುರಿದುಕೊಳ್ಳುವುದೆಲ್ಲ ಮಿಸ್‌ಗೇ ಸರಿ, ನಾನು ಸೀದಾ ಮೇಲೆ ಹೋಗಿ ಕಾಫಿ ಕುಡಿಯುತ್ತೇನೆ, ಅವನ ಮುಂದೆ ಈ ವಿಷಯ ಎತ್ತುವುದೇ ಇಲ್ಲ ಎಂದು.

ಗೇಟು ತೆಗೆದೆ. ಸಂದಿಯ ಕೊನೆಯಲ್ಲಿ ಬಕೆಟ್ ಇತ್ತು, ಹಬೆಯಾಡುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಡಿಸಿದ ಟವೆಲ್. ತಮ್ಮ ಮೆಟ್ಟಿಲ ಹತ್ತಿರ, ಸ್ಮಶಾನದಿಂದ ಬಂದವರಿಂದ ದೂರ ನಿಲ್ಲುವ ಹಾಗೆ ನಿಂತಿದ್ದ. ಇವತ್ತು ಮೀಟಿಂಗ್ ಎಂದು ನಾನು ಅವನಿಗೆ ಹೇಳಿರಲಿಲ್ಲ.

"ಮುಂದೆ?" ಎಂದ.

"ಒಂದು ಕುರಿ ಕಮ್ಮಿ ಮಾಡಿಸ್ದೆ" ಎಂದೆ.

"ಒಂದಾ?"

"ಒಂದು."

ಅವನು ತಲೆಯಾಡಿಸಿದ. ಏನೋ ಹೇಳಲು ಪದ ಹುಡುಕಿದ. ನಾನು ಮಿಸ್ ಹಾಗೆ ಕಾದೆ.

"ನೀರು ಆರೋಗುತ್ತೆ ಅಕ್ಕ" ಎಂದ. "ಹಾಕ್ಕೊಂಡು ಒಳಗೆ ಬಾ."